ಹೈ ಡೆಫಿನಿಷನ್ ಟಿ.ವಿ. ಪ್ರಸಾರ: ಗ್ರಾಹಕರ ಗಮನಕ್ಕೆ

2010ರ ಅಕ್ಟೋಬರ್‌ನಲ್ಲಿ ನಡೆದ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನವು ಹೈ ಡೆಫಿನಿಷನ್, ಅಂದರೆ ಎಚ್‌ಡಿ ತಂತ್ರಜ್ಞಾನದಲ್ಲಿ ಪ್ರಸಾರ ಮಾಡಿತು. ಮಳವಳ್ಳಿ ತಾಲ್ಲೂಕಿನ ಹಲಗೂರು ಸೇರಿದಂತೆ ಗ್ರಾಮೀಣ ಪ್ರದೇಶಗಳಲ್ಲಿ ಕೇಬಲ್ ಟಿ.ವಿ. ಡಿಜಿಟಲೀಕರಣಕ್ಕೆ ದಿನಾಂಕ 31-3-2017 ಅಂತಿಮ ಗಡುವಾಗಿತ್ತು.

ಸಾಧಾರಣ ಪ್ರಸಾರದ ಚಿತ್ರವು 576 ಸಾಲುಗಳನ್ನು ಹೊಂದಿದ್ದರೆ, ಪೂರ್ಣ ಎಚ್‌ಡಿ ಚಿತ್ರವು 1080 ಸಾಲುಗಳನ್ನು ಹೊಂದಿರುತ್ತದೆ. ಆದರೆ ಎಚ್‌ಡಿ ಟಿ.ವಿ. ಖರೀದಿಸಿದ ಮಾತ್ರಕ್ಕೆ ಈ ಸ್ಪಷ್ಟತೆ ದೊರೆಯುವುದಿಲ್ಲ. ಕೇಬಲ್ ಅಥವಾ ಡಿಟಿಎಚ್ ಗ್ರಾಹಕರಿಗೆ ಈ ಕೆಳಕಂಡವು ಅವಶ್ಯಕ:

1. ಎಚ್‌ಡಿ ಸೆಟ್‌ಟಾಪ್ ಬಾಕ್ಸ್
2. ಎಚ್‌ಡಿಎಂಐ ಕೇಬಲ್
3. ಪಾವತಿ ವಾಹಿನಿಯಾದಲ್ಲಿ, ಅದರ ಎಚ್‌ಡಿ ಆವೃತ್ತಿಗೆ ಚಂದಾ

ಒಂದೇ ವಾಹಿನಿಯ ಸಾಧಾರಣ ಹಾಗೂ ಎಚ್‌ಡಿ ಆವೃತ್ತಿಗಳಿಗೆ ಪ್ರತ್ಯೇಕ ದರವಿರುತ್ತದೆ. ಆದುದರಿಂದ ಗ್ರಾಹಕರು ಮಾಸಿಕ ಬಿಲ್ಲನ್ನು ಪರಿಶೀಲಿಸಿ, ಎರಡೂ ಸೇರಿದ್ದಲ್ಲಿ ಅನಗತ್ಯವಾದುದನ್ನು ತೆಗೆಸುವುದು ಸೂಕ್ತ.