ಆಟದ ಚಿತ್ರಕ್ಕೆ ಬೆಲೆ ಕಟ್ಟುವ ಬಗೆ

ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ ಮುದ್ರಿಸಬಹುದು. ಹಾಗಿದ್ದ ಮೇಲೆ ಒಂದು ಪ್ರತಿಗೆ ಬೆಲೆ ಕಟ್ಟುವುದು ಹೇಗೆ? ಸ್ವತಂತ್ರ ಕ್ರೀಡಾ ಛಾಯಾಗ್ರಾಹಕರನ್ನು ಕಾಡುತ್ತ ಬಂದ ಪ್ರಶ್ನೆ ಇದು.

1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್ ಪಟ್ಟಣದಲ್ಲಿ ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲೇ ಸೋನಿ ಲಿಸ್ಟನ್‌ರನ್ನು ಕೆಡವಿದರು. ಬಿದ್ದ ಎದುರಾಳಿಯ ಮೇಲೆ ಅಲಿ ಅಬ್ಬರಿಸಿದ ಕ್ಷಣವನ್ನು 22 ವರ್ಷದ ನೀಲ್ ಲೈಫರ್ ವರ್ಣಚಿತ್ರದಲ್ಲಿ ಸೆರೆಹಿಡಿದರು. ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಅದನ್ನು ಮುಖಪುಟದಲ್ಲಿ ಪ್ರಕಟಿಸಲಿಲ್ಲ. ಅಂದು ವಾರದ ಸುದ್ದಿಯಾಗಿದ್ದ ಚಿತ್ರ ಇಂದು ಸಂಗ್ರಹಕಾರರು ಹುಡುಕಿ ಕೊಳ್ಳುವ ಕಲಾಕೃತಿ.

ಇಂಥ ಚಿತ್ರದ ಬೆಲೆಯ ಹಿಂದೆ ಎರಡು ಸಂಗತಿಗಳಿವೆ. ಮೊದಲನೆಯದು ಹಕ್ಕು. 1978ರಲ್ಲಿ ಜಾರಿಗೆ ಬಂದ ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದುಕೊಟ್ಟ ಒಪ್ಪಂದವಿಲ್ಲದಿದ್ದರೆ ಹಕ್ಕು ಸ್ವತಂತ್ರ ಛಾಯಾಗ್ರಾಹಕನದೇ. ಭಾರತದ 1957ರ ಕಾಯ್ದೆಯಲ್ಲಿ ಹಾಗಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದವರೇ ಮೊದಲ ಒಡೆಯರು. ಹಕ್ಕು ಕೈಬಿಟ್ಟವನಿಗೆ ಪ್ರತಿ ಮಾರುವ ಮಾತೇ ಇಲ್ಲ.

ಎರಡನೆಯದು ಮಿತಿ. ಇಷ್ಟೇ ಪ್ರತಿಗಳೆಂದು ಮೊದಲೇ ಸಾರಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆದು ಸಹಿ ಹಾಕುವುದು ಪದ್ಧತಿ. ಮಾರಾಟವಾದಂತೆಲ್ಲ ಉಳಿದವುಗಳ ಬೆಲೆ ಏರಿಸುವುದುಂಟು. ಮಾತು ತಪ್ಪಿ ಒಂದೇ ಒಂದು ಹೆಚ್ಚು ಮುದ್ರಿಸಿದರೂ ಹಿಂದೆ ಕೊಂಡವರಿಗೆ ಮೋಸ.

ಕಾಗದ, ಮುದ್ರಣ, ಚೌಕಟ್ಟಿನ ಖರ್ಚು ತಳದ ಲೆಕ್ಕ. ಅದರ ಮೇಲಿನದರಲ್ಲಿ ನಂಬಿಕೆಯ ಪಾಲೇ ದೊಡ್ಡದು.