ಪರ್ಯಾಪ್ತ ಮನುಷ್ಯರ ಸಂಖ್ಯೆ: 29 ಅಂಕಿಗಳ ಲೆಕ್ಕ

ಜೈನಾಗಮದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು 29 ಅಂಕಿಗಳಲ್ಲಿ ಹೇಳಲಾಗಿದೆ:

79,22,81,62,51,42,64,33,75,93,54,39,50,336

ಇದು ಇಂದಿನ ಜನಗಣತಿಯಂತಹ ಲೆಕ್ಕವಲ್ಲ. ಎರಡೂವರೆ ದ್ವೀಪದ ಮನುಷ್ಯಲೋಕಕ್ಕೆ ಶಾಸ್ತ್ರ ಹೇಳುವ ಪ್ರಮಾಣ.

ಸಂಖ್ಯೆ ಹುಟ್ಟುವ ಬಗೆ

ಎರಡರ ವರ್ಗ 4. ಅದರ ವರ್ಗ 16. ಹೀಗೇ ವರ್ಗ ಮಾಡುತ್ತಾ ಹೋದರೆ ಮೂರನೆಯದು 256, ನಾಲ್ಕನೆಯದು 65,536, ಐದನೆಯದು 4,29,49,67,296. ಈ ಐದನೆಯ ವರ್ಗದ ಘನವೇ ಪರ್ಯಾಪ್ತ ಮನುಷ್ಯರ ಸಂಖ್ಯೆ ಎಂದು ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡ ತಿಳಿಸುತ್ತದೆ. ಶ್ವೇತಾಂಬರ ಪರಂಪರೆಯ ಅನುಯೋಗದ್ವಾರ ಸೂತ್ರವು ಇದನ್ನೇ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧ ಎಂದೂ, 96 ಸಲ ಅರ್ಧಿಸಬಹುದಾದ ಸಂಖ್ಯೆ ಎಂದೂ ಹೇಳುತ್ತದೆ. ಮೂರು ದಾರಿಯೂ ತಲುಪುವುದು ಒಂದೇ ಸಂಖ್ಯೆಗೆ: 96 ಎರಡುಗಳನ್ನು ಒಂದಕ್ಕೊಂದು ಗುಣಿಸಿದಾಗ ಬರುವ ಫಲ.

ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಆ ಎಣಿಕೆಗೆ ಜೈನ ಗಣಿತದಲ್ಲಿ ಅರ್ಧಚ್ಛೇದ ಎಂದು ಹೆಸರು. ಈ ಸಂಖ್ಯೆಯ ಅರ್ಧಚ್ಛೇದ 96.

ಅಕ್ಷರಗಳಲ್ಲಿ ಅಂಕಿಗಳು

ಜೀವಕಾಂಡದ ಮುಂದಿನ ಗಾಥೆಯಲ್ಲಿ ಇದೇ 29 ಅಂಕಿಗಳು ಕಟಪಯಾದಿ ಕ್ರಮದ ಅಕ್ಷರಗಳಾಗಿವೆ. ಓದುವುದು ಬಿಡಿಸ್ಥಾನದಿಂದ: ಮೊದಲ ಅಕ್ಷರ 'ತ' ಎಂದರೆ 6, ಕೊನೆಯ 'ಸಾ' ಎಂದರೆ 7. ತಾಳೆಗರಿಯಿಂದ ತಾಳೆಗರಿಗೆ ಪ್ರತಿ ಮಾಡುವಾಗ ಉದ್ದದ ಅಂಕಿಗಳಲ್ಲಿ ಒಂದು ತಪ್ಪುವುದು ಸುಲಭ. ಇಲ್ಲಿ ಅಕ್ಷರ ತಪ್ಪಿದರೆ ಹಿಂದಿನ ಗಾಥೆಯ ಲೆಕ್ಕದಿಂದ ತಿದ್ದಬಹುದು. ಲೆಕ್ಕ ತಪ್ಪಿದರೆ ಅಕ್ಷರಗಳು ತೋರಿಸಿಕೊಡುತ್ತವೆ.

ಮನೆಯಲ್ಲೇ ಪರಿಶೀಲನೆ

ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ಸರಿಯೇ ಎಂದು ಪಾಠಶಾಲೆಯ ಮಕ್ಕಳೂ ನೋಡಬಹುದು.

1. ಅಂಕಿಗಳನ್ನೆಲ್ಲ ಕೂಡಿದರೆ 127 ಬರಬೇಕು. ಅದನ್ನು 9ರಿಂದ ಭಾಗಿಸಿದರೆ ಶೇಷ 1. ಆರು ಎರಡುಗಳ ಗುಣಲಬ್ಧ 64ಕ್ಕೂ ಶೇಷ 1; 96 ಎಂದರೆ ಅಂತಹ 16 ಗುಂಪುಗಳು, ಆದ್ದರಿಂದ ಶೇಷ ಬದಲಾಗದು. ಆದರೆ ಎರಡು ಅಂಕಿಗಳು ಅದಲುಬದಲಾಗಿದ್ದರೆ ಈ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ.

2. ಪೂರ್ಣ ಪರೀಕ್ಷೆ ಅರ್ಧಿಸುವುದೇ. ಸರಿಯಾದ ಸಂಖ್ಯೆ 96ನೆಯ ಸಲಕ್ಕೆ 1 ಆಗುತ್ತದೆ. ಒಂದೇ ಒಂದು ಅಂಕಿ ತಪ್ಪಿದ್ದರೂ ಹಾಗಾಗದು.

ಈ ಸಂಖ್ಯೆ ವರ್ಗವೂ ಹೌದು, ಘನವೂ ಹೌದು. ವರ್ಗಮೂಲ 28,14,74,97,67,10,656, ಘನಮೂಲ ಮೇಲೆ ಹೇಳಿದ ಐದನೆಯ ವರ್ಗ.

ಕನ್ನಡದ ನಂಟು

ನೇಮಿಚಂದ್ರರು 10ನೇ ಶತಮಾನದವರು. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳು. ಚಾವುಂಡರಾಯನಿಗಿದ್ದ 'ಗೊಮ್ಮಟ' ಎಂಬ ಹೆಸರೇ ಗ್ರಂಥಕ್ಕೂ ಬಂದಿದೆ. 1359ರಲ್ಲಿ ಕೇಶವವರ್ಣಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿ ಬರೆದರು.