ಯಾರ್ಕ್‌ಟೌನ್ ಮುತ್ತಿಗೆ, 1781

ಅಮೆರಿಕದ ಹದಿಮೂರು ವಸಾಹತುಗಳು ಬ್ರಿಟನ್ ವಿರುದ್ಧ ಹೂಡಿದ ಸ್ವಾತಂತ್ರ್ಯ ಸಮರದ ಹಣೆಬರಹ ನಿರ್ಧಾರವಾದದ್ದು ವರ್ಜೀನಿಯಾದ ಯಾರ್ಕ್‌ಟೌನ್‌ನ ನದೀತೀರದಲ್ಲಿ.

ಕಡಲ ದಾರಿ ಮುಚ್ಚಿತು
ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಇಲ್ಲಿ ಬೀಡುಬಿಟ್ಟು ನೆರವಿನ ಹಡಗುಗಳಿಗಾಗಿ ಕಾಯುತ್ತಿದ್ದ. ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಅಮೆರಿಕದ ಪರ ಹೋರಾಡುತ್ತಿದ್ದ ಫ್ರೆಂಚ್ ನೌಕಾಪಡೆ ಬ್ರಿಟಿಷ್ ಹಡಗುಗಳನ್ನು ತಡೆದು ನಿಲ್ಲಿಸಿತು. ನೆಲದ ಕಡೆಯಿಂದ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚ್ ದಂಡನಾಯಕ ರೋಷಾಂಬೋ ಸೆಪ್ಟೆಂಬರ್ 28ರಂದು ಮುತ್ತಿಗೆ ಹಾಕಿದರು.

ಕತ್ತಲಲ್ಲಿ ತೋಡಿದ ಕಂದಕ
ಅಕ್ಟೋಬರ್ 6ರ ರಾತ್ರಿ ಸೈನಿಕರು ಮೊದಲ ಕಂದಕ ತೋಡಿದರು. 9ರಿಂದ ಫಿರಂಗಿಗಳು ಊರಿನ ಮೇಲೆ ಗುಂಡಿನ ಮಳೆಗರೆದವು. 14ರ ರಾತ್ರಿ ಬ್ರಿಟಿಷರ ಎರಡು ಮಣ್ಣಿನ ಕೊತ್ತಲಗಳ ಮೇಲೆ ಏಕಕಾಲಕ್ಕೆ ದಾಳಿ ನಡೆಯಿತು. ಒಂದನ್ನು ಫ್ರೆಂಚರು, ಇನ್ನೊಂದನ್ನು ಅಮೆರಿಕದ ಅಧಿಕಾರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಪಡೆ ವಶಪಡಿಸಿಕೊಂಡಿತು. ಸದ್ದಾಗಬಾರದೆಂದು ಹ್ಯಾಮಿಲ್ಟನ್‌ನ ಸೈನಿಕರು ಕೋವಿಗೆ ಮದ್ದು ತುಂಬದೆ, ಬರೀ ಬಯೊನೆಟ್ಟು ಹಿಡಿದು ನುಗ್ಗಿದ್ದರು. 16ರ ರಾತ್ರಿ ದೋಣಿಗಳಲ್ಲಿ ನದಿ ದಾಟಿ ಪಾರಾಗಲು ಬ್ರಿಟಿಷರು ಮಾಡಿದ ಪ್ರಯತ್ನ ಬಿರುಗಾಳಿಗೆ ಸಿಕ್ಕು ವಿಫಲವಾಯಿತು.

ಶರಣಾಗತಿ
ಅಕ್ಟೋಬರ್ 19ರಂದು ಬ್ರಿಟಿಷ್ ಪಡೆಯ 7,000ಕ್ಕೂ ಹೆಚ್ಚು ಮಂದಿ ಶರಣಾದರು. ಅನಾರೋಗ್ಯದ ನೆಪ ಹೇಳಿ ಕಾರ್ನ್‌ವಾಲಿಸ್ ತನ್ನ ಬದಲು ಉಪನಾಯಕ ಓಹಾರನನ್ನು ಕಳುಹಿಸಿದ. ವಾಷಿಂಗ್ಟನ್ ಕೂಡ ತನ್ನ ಉಪನಾಯಕ ಲಿಂಕನ್‌ಗೇ ಶರಣಾಗತಿ ಸ್ವೀಕರಿಸುವ ಹೊಣೆ ವಹಿಸಿದ. ಹಿಂದಿನ ವರ್ಷ ಚಾರ್ಲ್ಸ್‌ಟನ್‌ನಲ್ಲಿ ಬ್ರಿಟಿಷರಿಗೆ ಶರಣಾಗಿದ್ದವನು ಇದೇ ಬೆಂಜಮಿನ್ ಲಿಂಕನ್.

ಆಮೇಲೆ
1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಇಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಭಾರತದಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಆದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದವನು ಇವನೇ. ಅಮೆರಿಕದಲ್ಲಿ ನೆಲೆ ಕಳೆದುಕೊಂಡ ಸಾಮ್ರಾಜ್ಯ ಭಾರತದಲ್ಲಿ ಬೇರು ಬಿಡುತ್ತಿತ್ತು.